ಹುಳದ ಮೈಯೊಳಗೆ ಬೆಳೆಯುವ ಕಣಜ: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪರತಂತ್ರಜೀವಿ ಕಣಜಗಳ ಬಗ್ಗೆ ಇವೆ. ಇವು ಬೇರೆ ಕೀಟದ ಮೊಟ್ಟೆ, ಮರಿ ಅಥವಾ ಕೋಶದಲ್ಲಿ ಮೊಟ್ಟೆಯಿಟ್ಟು, ಆ ಕೀಟವನ್ನೇ ತಿಂದು ಬೆಳೆಯುವ ಸಣ್ಣ ಕಣಜಗಳು. ತಲೆಯ ಹೇನು ನಮ್ಮ ರಕ್ತ ಕುಡಿದರೂ ನಮ್ಮನ್ನು ಕೊಲ್ಲುವುದಿಲ್ಲ. ಈ ಕಣಜದ ಮರಿ ಹಾಗಲ್ಲ, ತಾನಿದ್ದ ಕೀಟವನ್ನು ಕೊನೆಗೆ ಮುಗಿಸಿಯೇ ಬಿಡುತ್ತದೆ. ಬೆಳೆಗಾರನಿಗೆ ಅದರಿಂದ ಪ್ರಯೋಜನ ಸಿಗುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಬದನೆ ಎಲೆಯ ಅಡಿಯಲ್ಲಿ ಸಸ್ಯಹೇನು ತುಂಬಿದೆ. ನಡುನಡುವೆ ಕೆಲವು ಮಾತ್ರ ಉಬ್ಬಿ, ಗೋಧಿ ಬಣ್ಣಕ್ಕೆ ತಿರುಗಿ, ಕಡ್ಡಿಯಲ್ಲಿ ಮುಟ್ಟಿದರೂ ಅಲುಗುತ್ತಿಲ್ಲ. ಇದು ರೋಗವೇ? ಎಲೆ ಕಿತ್ತು ಸುಡಬೇಕೇ?

ಸುಡಬೇಡಿ, ಕೀಳಲೂ ಬೇಡಿ. ನೀವು ನೋಡಿದ್ದು ಆಫಿಡಿಯಸ್ ಜಾತಿಯ ಕಣಜ ಒಳಗೆ ಬೆಳೆಯುತ್ತಿರುವ ಹೇನು. ಕೀಟತಜ್ಞರು ಇದನ್ನು ಮಮ್ಮಿ ಎನ್ನುತ್ತಾರೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಬೆಳಗಿನ ಬಿಸಿಲಿನಲ್ಲಿ ಹೇನಿನ ಗುಂಪಿನ ಹತ್ತಿರ ಐದು ನಿಮಿಷ ಅಲುಗಾಡದೆ ಕೂತು ನೋಡಿ. ಎರಡು ಮಿಲಿಮೀಟರ್ ಉದ್ದದ, ಕಪ್ಪು ಮೈಯ, ಉದ್ದ ಮೀಸೆಯ ಕಣಜವೊಂದು ಹೇನುಗಳ ನಡುವೆ ಓಡಾಡುವುದು ಕಾಣಬಹುದು. ಮೀಸೆಯಿಂದ ಹೇನನ್ನು ತಟ್ಟಿ ನೋಡುತ್ತದೆ. ಒಪ್ಪಿಗೆಯಾದರೆ ಹೊಟ್ಟೆಯ ತುದಿಯನ್ನು ಕಾಲುಗಳ ನಡುವಿನಿಂದ ತಲೆಯ ಮುಂದಕ್ಕೆ ಬಗ್ಗಿಸಿ ಒಮ್ಮೆ ಚುಚ್ಚುತ್ತದೆ. ಕ್ಷಣಮಾತ್ರದಲ್ಲಿ ಒಂದು ಮೊಟ್ಟೆ ಒಳಗೆ ಸೇರಿರುತ್ತದೆ. ಹೇನು ಅದಾದ ಮೇಲೂ ಕೆಲವು ದಿನ ರಸ ಹೀರುತ್ತಲೇ ಇರುತ್ತದೆ. ಒಳಗಿನ ಮರಿ ಅದನ್ನು ಪೂರ್ತಿ ಖಾಲಿ ಮಾಡಿದ ಮೇಲೆ ಹೇನಿನ ಅಡಿಯಲ್ಲಿ ಒಂದು ಸೀಳು ಮಾಡಿ, ರೇಷ್ಮೆಯಂಥ ಅಂಟಿನಿಂದ ಸಿಪ್ಪೆಯನ್ನು ಎಲೆಗೆ ಬಿಗಿಯುತ್ತದೆ. ಮುಟ್ಟಿದರೂ ಅಲುಗದಿರುವುದು ಇದರಿಂದ. ಸೆಕೆಯೂ ಚಳಿಯೂ ಅಲ್ಲದ ಹವೆಯಲ್ಲಿ ಮೊಟ್ಟೆಯಿಂದ ಹೊಸ ಕಣಜದವರೆಗೆ ಸುಮಾರು ಎರಡು ವಾರ ಹಿಡಿಯುತ್ತದೆ.

ಬಣ್ಣ, ಆಕಾರದಿಂದ ಯಾವ ಗುಂಪಿನ ಕಣಜ ಎಂದೂ ಹೇಳಬಹುದು. ಗೋಧಿ ಬಣ್ಣದ ಉಬ್ಬಿದ ಮಮ್ಮಿ ಆಫಿಡಿಯಸ್‌ದು. ಕಪ್ಪಗಿದ್ದು ಅಷ್ಟಾಗಿ ಉಬ್ಬಿರದಿದ್ದರೆ ಆಫೆಲಿನಸ್. ಒಣ ಹೇನು ಒಂದು ಬಿಳಿ ಗುಡಾರದ ಮೇಲೆ ಕೂತಂತಿದ್ದರೆ ಪ್ರಯಾನ್, ಅದರ ಕೋಶ ಹೇನಿನ ಒಳಗಲ್ಲ, ಕೆಳಗಿರುತ್ತದೆ.

ಇನ್ನೊಂದು ಗುರುತು ತೂತಿನದು. ಕಣಜ ಹೊರಬಿದ್ದ ಮಮ್ಮಿಯ ಹಿಂಬದಿಯಲ್ಲಿ ಒಂದು ದುಂಡನೆಯ ತೂತು ಇರುತ್ತದೆ. ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನಯವಾಗಿದ್ದರೆ ಹೊರಬಂದದ್ದು ನಿಮಗೆ ಬೇಕಾದ ಕಣಜ. ಅಂಚು ಹರಿದು ಚೂರುಚೂರಾಗಿದ್ದರೆ, ಆ ಕಣಜದ ಮರಿಯನ್ನೇ ತಿಂದು ಬೆಳೆದ ಇನ್ನೊಂದು ಕಣಜ ಹೊರಬಂದಿದೆ. ಹರಿದ ತೂತುಗಳೇ ಹೆಚ್ಚಾದರೆ ಮುಂದಿನ ವಾರಗಳಲ್ಲಿ ಹೇನು ಮತ್ತೆ ಏರುವ ಸಾಧ್ಯತೆ ಇದೆ, ಕಣ್ಣಿಟ್ಟಿರಿ.

ಸಿಂಪಡಿಸಬೇಕೇ ಬೇಡವೇ ಎನ್ನುವುದಕ್ಕೆ ಎಣಿಕೆಯೇ ದಾರಿ. ಬೇರೆ ಬೇರೆ ಗಿಡಗಳಿಂದ ಹತ್ತು ಎಲೆ ನೋಡಿ, ಒಟ್ಟು ಹೇನು ಎಷ್ಟು, ಮಮ್ಮಿ ಎಷ್ಟು ಎಂದು ಬರೆದುಕೊಳ್ಳಿ. ಜೋಳದ ಹಸಿರು ಹೇನಿನ ವಿಷಯದಲ್ಲಿ ನೂರಕ್ಕೆ 20 ಮಮ್ಮಿ ಕಂಡರೆ ಸಿಂಪಡಣೆ ಬಿಡಬಹುದು ಎಂಬ ಲೆಕ್ಕ ಬಹಳ ಕಾಲದಿಂದ ಬಳಕೆಯಲ್ಲಿದೆ. ಇದರ ಹಿಂದಿನ ತರ್ಕ ಸರಳ: ಮಮ್ಮಿಯಾಗಿ ಕಾಣುವುದು ವಾರದ ಹಿಂದೆ ಚುಚ್ಚಿಸಿಕೊಂಡ ಹೇನುಗಳು ಮಾತ್ರ. ಈ ವಾರ ಚುಚ್ಚಿಸಿಕೊಂಡವು ಇನ್ನೂ ಹಸಿರಾಗಿಯೇ ಓಡಾಡುತ್ತಿರುತ್ತವೆ, ನಿಮ್ಮ ಎಣಿಕೆಗೆ ಸಿಗುವುದಿಲ್ಲ. ಮೂರು ನಾಲ್ಕು ದಿನ ಬಿಟ್ಟು ಅವೇ ಗಿಡಗಳಲ್ಲಿ ಮತ್ತೆ ಎಣಿಸಿ. ಮಮ್ಮಿಯ ಪಾಲು ಏರುತ್ತಿದ್ದರೆ ಕೈಕಟ್ಟಿ ಕೂರುವುದೇ ಸರಿಯಾದ ಕೆಲಸ.

ಪ್ರಶ್ನೆ: ಟೊಮೆಟೊ ಗಿಡದಲ್ಲಿ ಬೆರಳು ಗಾತ್ರದ ಹಸಿರು ಹುಳ. ಅದರ ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿ ಮೊಟ್ಟೆಗಳು. ಅವು ಒಡೆದು ನೂರಾರು ಹುಳ ಆಗುವ ಮೊದಲೇ ಹೊಸಕಿ ಹಾಕಿದೆವು. ಸರಿ ಮಾಡಿದೆವಾ?

ಅವು ಮೊಟ್ಟೆಗಳಲ್ಲ. ಹುಳ ತನ್ನ ಮೊಟ್ಟೆಯನ್ನು ಬೆನ್ನ ಮೇಲೆ ಹೊರುವುದೇ ಇಲ್ಲ, ಮೊಟ್ಟೆಯಿಡುವುದು ಪತಂಗವಾದ ಮೇಲೆ, ಅದೂ ಎಲೆಯ ಮೇಲೆ. ನೀವು ಕಂಡದ್ದು ಕೊಟೇಸಿಯಾ ಗುಂಪಿನ ಕಣಜಗಳ ಗೂಡುಗಳು. ತಾಯಿ ಕಣಜ ಹುಳದೊಳಗೆ ಹತ್ತಾರು ಮೊಟ್ಟೆ ಇಟ್ಟಿರುತ್ತದೆ. ಮರಿಗಳು ಒಳಗೇ ಬೆಳೆದು, ಬಲಿತ ಮೇಲೆ ಚರ್ಮ ಕೊರೆದು ಹೊರಬಂದು, ಬೆನ್ನಿಗೆ ಅಂಟಿಕೊಂಡು ಬಿಳಿ ನೂಲು ಸುತ್ತಿಕೊಳ್ಳುತ್ತವೆ. ಕೋಸಿನ ಹುಳವನ್ನು ಹಿಡಿಯುವ ಕೊಟೇಸಿಯಾ ಗ್ಲೊಮೆರಾಟಾ ಹಳದಿ ಗೂಡು ಕಟ್ಟುತ್ತದೆ, ಅದು ಹುಳದ ಪಕ್ಕದಲ್ಲಿ ರಾಶಿಯಾಗಿ ಬಿದ್ದಿರುತ್ತದೆ.

ಗೂಡು ಹೊತ್ತ ಹುಳ ಮೇಯುವುದನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ, ಪತಂಗವಾಗುವ ಮೊದಲೇ ಸಾಯುತ್ತದೆ. ಮುಂದಿನ ಸಲ ಅದನ್ನು ಇದ್ದಲ್ಲೇ ಬಿಡಿ. ಗಿಡದ ಮೇಲೆ ನೋಡಲು ಮನಸ್ಸಾಗದಿದ್ದರೆ ಆ ಎಲೆಯ ಸಮೇತ ತೋಟದ ನೆರಳಿನ ಮೂಲೆಗೆ ಇಟ್ಟರೆ ಸಾಕು. ಸುಮಾರು ಒಂದು ವಾರದಲ್ಲಿ ಪ್ರತಿ ಗೂಡಿನ ತುದಿಯೂ ಮುಚ್ಚಳದಂತೆ ತೆರೆದುಕೊಂಡು ಕಣಜಗಳು ಹಾರುತ್ತವೆ.

ಹುಳದ ರಕ್ತದಲ್ಲಿ ಹೊರಗಿನ ವಸ್ತುವನ್ನು ಸುತ್ತುವರಿದು ಉಸಿರುಗಟ್ಟಿಸುವ ಕಣಗಳಿವೆ. ಹಾಗಿದ್ದೂ ಕಣಜದ ಮೊಟ್ಟೆ ಬದುಕುವುದು ಹೇಗೆ? ತಾಯಿ ಮೊಟ್ಟೆಯ ಜತೆ ವೈರಸ್ ಕಣಗಳನ್ನೂ ಒಳಗೆ ಬಿಡುತ್ತದೆ. ಅವು ಹುಳದ ರಕ್ಷಣಾ ಕಣಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಈ ವೈರಸ್ಸಿನ ವಂಶವಾಹಿ ಕಣಜದ ವಂಶವಾಹಿಯಲ್ಲೇ ಸೇರಿಹೋಗಿದೆ, ತಾಯಿಯಿಂದ ಮಗಳಿಗೆ ಹಾಗೇ ಬರುತ್ತದೆ. ಈ ಒಡನಾಟಕ್ಕೆ ಸುಮಾರು 10 ಕೋಟಿ ವರ್ಷ ವಯಸ್ಸು ಎಂಬುದು ಈಗಿನ ಅಂದಾಜು.

ಪ್ರಶ್ನೆ: ಟ್ರೈಕೋ ಕಾರ್ಡ್ ತಂದು ಎರಡು ಸಲ ಕಟ್ಟಿದೆವು. ಕಾಯಿಕೊರಕ ಕಡಿಮೆಯಾಗಲಿಲ್ಲ. ಕಾರ್ಡೇ ಕಳಪೆಯೋ, ನಮ್ಮ ತಪ್ಪೋ?

ಎರಡೂ ಇರಬಹುದು. ಅತಿ ಹೆಚ್ಚು ಬರುವ ಪ್ರಶ್ನೆ ಇದೇ ಆದ್ದರಿಂದ ಬಿಡಿಸಿ ಹೇಳುತ್ತೇವೆ.

ಟ್ರೈಕೋ ಕಾರ್ಡ್ ಎಂದರೆ ಟ್ರೈಕೋಗ್ರಾಮ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡ್. ಟ್ರೈಕೋಗ್ರಾಮ ಅರ್ಧ ಮಿಲಿಮೀಟರಿನ ಕಣಜ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳವನ್ನು ಅದು ಮುಟ್ಟುವುದಿಲ್ಲ. ಕಾಯಿಯಲ್ಲಿ ತೂತು ಕಂಡ ಮೇಲೆ ಕಾರ್ಡ್ ಕಟ್ಟಿದರೆ ಒಳಗೆ ಕೂತ ಹುಳಕ್ಕೆ ಏನೂ ಆಗುವುದಿಲ್ಲ. ನಮಗೆ ಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತವೆ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ನೇತು ಹಾಕಿ, ಗಂಡು ಪತಂಗ ಬೀಳಲು ಶುರುವಾದ ಕೂಡಲೇ ಮೊದಲ ಕಾರ್ಡ್ ಕಟ್ಟಬೇಕು. ಬಲೆ ಇಲ್ಲದಿದ್ದರೆ ಸುಳಿ ಮತ್ತು ಹೂಮೊಗ್ಗಿನ ಹತ್ತಿರ ಮೊಟ್ಟೆ ಹುಡುಕಿ. ಮೊಟ್ಟೆ ಹೊಸದಾಗಿದ್ದಷ್ಟೂ ಕಣಜಕ್ಕೆ ಇಷ್ಟ. ಒಳಗೆ ಹುಳದ ತಲೆ ಕಪ್ಪಗೆ ಕಾಣುವಷ್ಟು ಬಲಿತ ಮೊಟ್ಟೆ ಅದಕ್ಕೆ ಬೇಡ.

ಕಾರ್ಡಿನ ಮೇಲೆ ಅಂಟಿಸಿರುವುದು ಅಕ್ಕಿ ಪತಂಗದ ಮೊಟ್ಟೆಗಳು. ಒಂದು ಕಾರ್ಡಿಗೆ ಸುಮಾರು ಒಂದು ಸಿಸಿ ಅಳತೆಯಷ್ಟು, ಎಂದರೆ 16,000ದಿಂದ 20,000. ಅವುಗಳಿಂದ ಹುಳ ಹೊರಡದಂತೆ ಮೊದಲು ಅತಿನೇರಳೆ ಬೆಳಕಿಗೆ ಒಡ್ಡಿ, ಆಮೇಲೆ ಕಣಜಗಳ ಜತೆ ಬಿಟ್ಟಿರುತ್ತಾರೆ. ಕಣಜ ಸೇರಿದ ಮೊಟ್ಟೆ ಮೂರು ನಾಲ್ಕು ದಿನದಲ್ಲಿ ಕಪ್ಪಾಗುತ್ತದೆ, ಸುಮಾರು ಏಳೆಂಟು ದಿನಕ್ಕೆ ಕಣಜ ಹೊರಬರುತ್ತದೆ. ಆದ್ದರಿಂದ ಕೈಗೆ ಬಂದ ಕಾರ್ಡ್ ಉದ್ದಕ್ಕೂ ಕಪ್ಪಗಿರಬೇಕು. ಬಿಳಿ ಅಥವಾ ಹಳದಿ ತೇಪೆಗಳು ಹೆಚ್ಚಿದ್ದರೆ ಅಲ್ಲಿ ಕಣಜವಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಕಪ್ಪು ಮೊಟ್ಟೆಗಳಲ್ಲಿ ಆಗಲೇ ತೂತು ಬಿದ್ದಿದ್ದರೆ ಕಣಜ ದಾರಿಯಲ್ಲೇ ಹೊರಬಂದು ಸತ್ತಿವೆ.

ಪರೀಕ್ಷೆ ಮಾಡದೆ ಕಟ್ಟಬೇಡಿ. ಪ್ರತಿ ಸಲ ಬಂದ ಕಾರ್ಡಿನಿಂದ ಉಗುರಗಲದ ತುಂಡು ಕತ್ತರಿಸಿ ಗಾಜಿನ ಕೊಳವೆಗೆ ಹಾಕಿ, ಬಾಯಿಗೆ ಹತ್ತಿ ಬಿಗಿಯಾಗಿ ತುರುಕಿ, ನೆರಳಿನಲ್ಲಿ ಇಡಿ. ಕಣಜ ಹೊರಬಿದ್ದು ಮುಗಿದ ಮೇಲೆ 100 ಕಪ್ಪು ಮೊಟ್ಟೆ ಎಣಿಸಿ. 80ಕ್ಕಿಂತ ಕಡಿಮೆ ತೂತು ಇದ್ದರೆ ಮುಂದಿನ ಸಲ ಬೇರೆ ಕಡೆಯಿಂದ ತರಿಸಿ.

ಪ್ರಮಾಣ ಬೆಳೆಗೆ ತಕ್ಕಂತೆ ಬದಲಾಗುತ್ತದೆ. ಸಾಮಾನ್ಯವಾಗಿ ಒಂದು ಬಿಡುಗಡೆಗೆ ಹೆಕ್ಟೇರಿಗೆ 50,000ದಿಂದ 1,00,000. ಇದರಲ್ಲಿ ಹೆಚ್ಚಿನ ಪ್ರಮಾಣವನ್ನು ಹಿಡಿದರೆ ಎಕರೆಗೆ ಸುಮಾರು 40,000, ಎಂದರೆ ಎರಡು ಎರಡೂವರೆ ಕಾರ್ಡ್. ಈ ಕಣಜಗಳು ದೂರ ಹಾರಲಾರವು, ಹೆಚ್ಚೆಂದರೆ ಕೆಲವು ಮೀಟರ್. ಹಾಗಾಗಿ ಕಾರ್ಡನ್ನು ಪಟ್ಟಿಗಳಾಗಿ ಕತ್ತರಿಸಿ ಒಂಬತ್ತು ಹತ್ತು ಮೀಟರಿಗೆ ಒಂದರಂತೆ ಹರಡಬೇಕು, ಎಕರೆಗೆ 40ರಿಂದ 50 ಕಡೆ. ಹೊಲದ ನಾಲ್ಕು ಮೂಲೆಯಲ್ಲಿ ಇಡೀ ಕಾರ್ಡ್ ಕಟ್ಟಿ ಬಂದರೆ ನಡುವಿನ ಬೆಳೆಗೆ ಏನೂ ಸಿಗದು. ಗಾಳಿ ಬೀಸುವ ಕಡೆಯ ಅಂಚಿಗೆ ಒಂದೆರಡು ಪಟ್ಟಿ ಹೆಚ್ಚಾಗಿ ಕಟ್ಟಿ.

ಪಟ್ಟಿಯನ್ನು ಗಿಡದ ನಡು ಎತ್ತರದಲ್ಲಿ, ಎಲೆಯ ಕೆಳಮೈಗೆ, ಸ್ಟೇಪ್ಲರ್‌ನಿಂದ ಸಿಕ್ಕಿಸಿ. ಮೊಟ್ಟೆಯ ಮೈಗೆ ನೇರ ಬಿಸಿಲೂ ಮಳೆ ಹನಿಯೂ ಬೀಳಬಾರದು. ಕೆಲಸ ಸಂಜೆ ಮಾಡಿ. ಇರುವೆ ಇಡೀ ಪಟ್ಟಿಯನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಬಲ್ಲದು. ಆದ್ದರಿಂದ ನಾಳೆ ಬೆಳಿಗ್ಗೆ ಕಣಜ ಹೊರಡುವಷ್ಟು ಬಲಿತ ಕಾರ್ಡನ್ನೇ ಇಂದು ಸಂಜೆ ಕಟ್ಟುವುದು ಒಳ್ಳೆಯದು. ಕಟ್ಟುವುದನ್ನು ಮುಂದೂಡಬೇಕಾಗಿ ಬಂದರೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಫ್ರಿಜ್ಜಿನ ಕೆಳತಟ್ಟೆಯಲ್ಲಿ ಕೆಲವು ದಿನ ಇಡಬಹುದು. ಮೇಲಿನ ಹಿಮದ ಖಾನೆಯಲ್ಲಿ ಇಟ್ಟರೆ ಸತ್ತವು ಎಂದೇ ತಿಳಿಯಿರಿ.

ಎರಡು ಸಲ ಕಟ್ಟಿದ್ದು ಸಾಲದು. ಹೊರಬಂದ ಕಣಜ ಹೊಲದಲ್ಲಿ ಕೆಲವೇ ದಿನ ಬದುಕುತ್ತದೆ, ಪತಂಗ ಮಾತ್ರ ವಾರಗಟ್ಟಲೆ ಮೊಟ್ಟೆ ಇಡುತ್ತಲೇ ಇರುತ್ತದೆ. ವಾರಕ್ಕೊಮ್ಮೆಯಂತೆ ಐದಾರು ಸಲ ಬಿಡುವುದು ರೂಢಿ.

ಇನ್ನು ಜಾತಿಯ ಪ್ರಶ್ನೆ. ಭತ್ತದ ಕಾಂಡಕೊರಕಕ್ಕೆ ಟ್ರೈಕೋಗ್ರಾಮ ಜಪಾನಿಕಮ್, ಕಬ್ಬಿನ ಕೊರಕಗಳಿಗೂ ಹಲವು ಕಾಯಿಕೊರಕಗಳಿಗೂ ಟ್ರೈಕೋಗ್ರಾಮ ಕಿಲೋನಿಸ್. ಸೈನಿಕ ಹುಳ ಮತ್ತು ಲದ್ದಿಹುಳದ ಪತಂಗಗಳು ಮೊಟ್ಟೆಯನ್ನು ಪದರ ಪದರವಾಗಿ ಇಟ್ಟು ಮೇಲೆ ಮೈಯ ರೋಮ ಮುಚ್ಚುತ್ತವೆ. ಟ್ರೈಕೋಗ್ರಾಮ ಮೇಲಿನ ಪದರವನ್ನಷ್ಟೇ ಮುಟ್ಟಬಲ್ಲದು. ಅಲ್ಲಿ ಒಳಪದರಕ್ಕೂ ನುಗ್ಗುವ ಟೆಲಿನೋಮಸ್ ರೀಮಸ್ ಬೇಕು. ನಿಮ್ಮ ಹುಳ ಯಾವುದು ಎಂದು ಖಚಿತವಾಗದೆ ಕಾರ್ಡ್ ತರಿಸಬೇಡಿ.

ಪ್ರಶ್ನೆ: ಈ ಕಣಜಗಳು ಮಕ್ಕಳಿಗೆ ಕಚ್ಚುತ್ತವೆಯೇ?

ಬೆಳೆಗೆ ಬಿಡುವ ಕಣಜಗಳು ಮನುಷ್ಯರ ಚರ್ಮವನ್ನು ಚುಚ್ಚಲಾರದಷ್ಟು ಸಣ್ಣವು. ರಾತ್ರಿ ದೀಪಕ್ಕೆ ಬರುವ, ಕಿತ್ತಳೆ ಛಾಯೆಯ, ಉದ್ದ ಕಾಲಿನ ಓಫಿಯಾನ್, ನೆಟೀಲಿಯಾ ಎಂಬ ದೊಡ್ಡ ಕಣಜಗಳನ್ನು ಬರಿಗೈಯಲ್ಲಿ ಹಿಡಿದರೆ ಮಾತ್ರ ಚುಚ್ಚಬಹುದು. ಅವಕ್ಕೆ ಗೂಡು ಕಾಯುವ ಅಭ್ಯಾಸವಿಲ್ಲ, ಹಾಗಾಗಿ ಗುಂಪಾಗಿ ಎರಗುವ ಭಯವಿಲ್ಲ.

ಪ್ರಶ್ನೆ: ಅಕ್ಕಿ ಪತಂಗದ ಹುಳಗಳ ಮೇಲೆ ಬ್ರೇಕಾನ್ ಕಣಜವನ್ನು ಡಬ್ಬಿಯಲ್ಲಿ ಸಾಕುತ್ತಿದ್ದೇನೆ. ಮೊದಲು ಚೆನ್ನಾಗಿತ್ತು. ಏಳೆಂಟು ತಲೆಮಾರಿನ ನಂತರ ಹುಟ್ಟುವುದೆಲ್ಲ ಗಂಡೇ. ಏನು ತಪ್ಪಾಗಿದೆ?

ಕಣಜಗಳಲ್ಲಿ ಗಂಡು ಹೆಣ್ಣು ನಿರ್ಧಾರವಾಗುವ ಬಗೆ ಬೇರೆ. ಗಂಡಿನ ವೀರ್ಯ ಸೇರಿದ ಮೊಟ್ಟೆಯಿಂದ ಹೆಣ್ಣು, ಸೇರದ ಮೊಟ್ಟೆಯಿಂದ ಗಂಡು. ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಅದರಿಂದ ಬರುವುದು ಗಂಡು ಮಾತ್ರ. ಕೂಡಿದ ಹೆಣ್ಣು ವೀರ್ಯವನ್ನು ಚೀಲದಲ್ಲಿ ಕೂಡಿಟ್ಟುಕೊಂಡು, ಪ್ರತಿ ಮೊಟ್ಟೆಗೂ ಬಿಡಬೇಕೇ ಬೇಡವೇ ಎಂಬುದನ್ನು ತಾನೇ ನಡೆಸುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡರೆ ನಿಮ್ಮ ಡಬ್ಬಿಯಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಹುಡುಕಬಹುದು.

ಮೊದಲು ನೋಡಬೇಕಾದದ್ದು ಕೂಡಲು ಸಮಯ ಸಿಕ್ಕಿತೇ ಎಂದು. ಹೊಸದಾಗಿ ಹುಟ್ಟಿದ ಗಂಡು ಹೆಣ್ಣುಗಳನ್ನು ಹುಳ ಕೊಡದೆ ಒಂದೆರಡು ದಿನ ಒಟ್ಟಿಗೆ ಬಿಡಿ. ಜೇನಿಗೆ ಅಷ್ಟೇ ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ ಇಡಿ, ತೊಟ್ಟಿಕ್ಕುವಷ್ಟು ಅಲ್ಲ, ಕಣಜ ಅಂಟಿಕೊಂಡು ಸಾಯುತ್ತದೆ. ಮುದಿ ಹೆಣ್ಣುಗಳ ವೀರ್ಯ ಮುಗಿದಿರುತ್ತದೆ, ಅವು ಇಡುವುದೂ ಗಂಡು ಮೊಟ್ಟೆಯನ್ನೇ, ಅವನ್ನು ತೆಗೆದುಹಾಕಿ. ಹುಳಗಳು ಸಣ್ಣವಾದರೂ, ಒಂದೇ ಹುಳಕ್ಕೆ ಹಲವು ಹೆಣ್ಣುಗಳು ಮುತ್ತಿದರೂ ಹೆಣ್ಣಿನ ಪಾಲು ಇಳಿಯುತ್ತದೆ. ಪೂರ್ತಿ ಬಲಿತ ಹುಳಗಳನ್ನೇ ಕೊಡಿ, ಕಣಜದ ಸಂಖ್ಯೆ ಹುಳದ ಸಂಖ್ಯೆಯನ್ನು ಮೀರದಿರಲಿ.

ಏಳೆಂಟು ತಲೆಮಾರು ಎಂದಿರುವುದರಿಂದ ನಮ್ಮ ಹೆಚ್ಚಿನ ಅನುಮಾನ ಒಳಸಂತಾನದ ಮೇಲೆ. ಬ್ರೇಕಾನ್ ಹೆಬೆಟರ್‌ನಲ್ಲಿ ಲಿಂಗ ನಿರ್ಧರಿಸುವ ವಂಶವಾಹಿಯ ಎರಡು ಪ್ರತಿಗಳು ಬೇರೆ ಬೇರೆಯಾಗಿದ್ದರೆ ಮಾತ್ರ ಹೆಣ್ಣು. ಅಣ್ಣತಂಗಿಯರೇ ಕೂಡುತ್ತ ಹೋದರೆ ಎರಡೂ ಪ್ರತಿ ಒಂದೇ ಆಗಿಬಿಡುತ್ತವೆ. ಆಗ ವೀರ್ಯ ಸೇರಿದ ಮೊಟ್ಟೆಯೂ ಗಂಡಾಗುತ್ತದೆ, ಅವುಗಳಲ್ಲಿ ಬಹಳಷ್ಟು ಬದುಕುವುದೂ ಇಲ್ಲ. ಇದಕ್ಕೆ ಡಬ್ಬಿಯೊಳಗೆ ಮದ್ದಿಲ್ಲ. ಹೊರಗಿನಿಂದ ಹೊಸ ರಕ್ತ ತರಬೇಕು: ದಾಸ್ತಾನಿನ ಹತ್ತಿರ ಪುಟ್ಟ ಬಲೆಚೀಲದಲ್ಲಿ ಬಲಿತ ಹುಳಗಳನ್ನಿಟ್ಟು ಕಾಡು ಬ್ರೇಕಾನ್‌ಗಳು ಬಂದು ಚುಚ್ಚುವಂತೆ ಮಾಡಿ, ಅವುಗಳ ಮಕ್ಕಳನ್ನು ನಿಮ್ಮ ತಳಿಗೆ ಸೇರಿಸಿ. ಮುಂದೆ ಒಂದೇ ಡಬ್ಬಿಯ ಬದಲು ನಾಲ್ಕೈದು ಡಬ್ಬಿಗಳಲ್ಲಿ ಸಾಕಿ, ಒಂದರ ಗಂಡನ್ನು ಇನ್ನೊಂದರ ಹೆಣ್ಣಿಗೆ ಬಿಡಿ.

ಈ ಕಣಜದ ಸಾಕಣೆ ಎಷ್ಟು ಸರಳವಾಗಿರಬಹುದು ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ನೈಜರ್ ಸುತ್ತಿನ ಸಜ್ಜೆ ಬೆಳೆಗಾರರನ್ನು ನೋಡಬೇಕು. ಸಜ್ಜೆಯ ತೆನೆ ಕೊರೆಯುವ ಹುಳಕ್ಕೆ ಅವರು ಬಳಸುವುದು ಅಂಗೈಯಗಲದ ಸೆಣಬಿನ ಚೀಲ: ಒಳಗೆ ಸ್ವಲ್ಪ ಸಜ್ಜೆ, ಸ್ವಲ್ಪ ಸಜ್ಜೆ ಹಿಟ್ಟು, 25 ಅಕ್ಕಿ ಪತಂಗದ ಹುಳ, ಕೂಡಿದ ಎರಡು ಹೆಣ್ಣು ಬ್ರೇಕಾನ್. ಬಾಯಿ ಕಟ್ಟಿ ಹೊಲದ ಬಳಿ ನೇತು ಹಾಕುತ್ತಾರೆ. ಮಕ್ಕಳು ಬೆಳೆದು ಸೆಣಬಿನ ಎಳೆಗಳ ಸಂದಿಯಿಂದ ತಾವೇ ಹೊಲಕ್ಕೆ ಹೋಗುತ್ತವೆ.

ಪ್ರಶ್ನೆ: ಕಣಜ ಬಿಟ್ಟ ಮೇಲೆ ಔಷಧಿ ಹೊಡೆಯುವಂತೆಯೇ ಇಲ್ಲವೇ? ಬೇರೆ ಹುಳ ಬಂದರೆ ಏನು ಮಾಡುವುದು?

ಹೊಡೆಯಬಹುದು, ಆದರೆ ಯಾವುದು, ಯಾವಾಗ, ಎಲ್ಲಿ ಎಂಬ ಮೂರೂ ಮುಖ್ಯ.

ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳು ಅತ್ಯಂತ ಕೆಟ್ಟವು. ಎಲೆಯ ಮೇಲೆ ಅವುಗಳ ಪೊರೆ ವಾರಗಟ್ಟಲೆ ಉಳಿದು ಅದರ ಮೇಲೆ ನಡೆದಾಡಿದ ಕಣಜವನ್ನೂ ಕೊಲ್ಲುತ್ತದೆ. ಆರ್ಗನೋಫಾಸ್ಫೇಟ್‌ಗಳೂ ಅಷ್ಟೇ ನಿಷ್ಠುರ. ಬೇರಿಗೆ ಹಾಕುವ ಇಮಿಡಾಕ್ಲೋಪ್ರಿಡ್‌ನಂಥ ಅಂತರ್ವ್ಯಾಪಿ ಔಷಧಿ ಸುರಕ್ಷಿತ ಎಂದು ಹಲವರು ನಂಬಿದ್ದಾರೆ. ಅದು ಹೂವಿನ ಮಕರಂದಕ್ಕೂ ಸೇರುತ್ತದೆ, ಕಣಜ ಕುಡಿಯುವುದು ಅದನ್ನೇ. ರೋಗಕ್ಕೆ ಹಾಕುವ ಗಂಧಕವನ್ನು ಯಾರೂ ಕೀಟನಾಶಕ ಎಂದು ಎಣಿಸುವುದಿಲ್ಲ, ಆದರೆ ಟ್ರೈಕೋಗ್ರಾಮಕ್ಕೆ ಅದು ಮಾರಕ. ಕಾರ್ಡ್ ಕಟ್ಟುವ ದಿನಗಳಲ್ಲಿ ಗಂಧಕ ಬೇಡ.

ಹುಳಕ್ಕೆ ರೋಗ ತರಲು ಸಿಂಪಡಿಸುವ ಬಿಟಿ ಬ್ಯಾಕ್ಟೀರಿಯಾ ಮತ್ತು ಎನ್‌ಪಿವಿ ವೈರಸ್ ಎಲೆ ತಿಂದ ಹುಳವನ್ನು ಮಾತ್ರ ಕೊಲ್ಲುತ್ತವೆ. ಆ ಹುಳದೊಳಗಿದ್ದ ಕಣಜದ ಮರಿ ಅದರ ಜತೆ ಸಾಯುತ್ತದೆ, ಅಷ್ಟು ನಷ್ಟ ತಡೆಯಬಹುದು. ಸಾಬೂನು ದ್ರಾವಣ ಮೈಮೇಲೆ ನೇರ ಬಿದ್ದ ಕಣಜವನ್ನು ಕೊಲ್ಲುತ್ತದೆ, ಒಣಗಿದ ಮೇಲೆ ನಿರುಪದ್ರವಿ. ಬೇವಿನೆಣ್ಣೆ ಇವೆರಡರ ನಡುವಿನದು, ಬಿಡುಗಡೆಯ ದಿನ ಬಿಟ್ಟು ಬಳಸಿ. ಕಣಜಗಳ ಓಡಾಟ ಹಗಲಿನದು, ಆದ್ದರಿಂದ ಸಿಂಪಡಣೆ ಸಂಜೆಗಿರಲಿ. ಇಡೀ ಹೊಲಕ್ಕೆ ಹೊಡೆಯದೆ ಹುಳ ಹೆಚ್ಚಿರುವ ಸಾಲುಗಳಿಗಷ್ಟೇ ಹೊಡೆಯಿರಿ, ಉಳಿದ ಸಾಲುಗಳಿಂದ ಕಣಜ ಮತ್ತೆ ಬರಲು ದಾರಿ ಇರುತ್ತದೆ.

ಹಳದಿ ಅಂಟುಬಲೆಯೂ ಇದೇ ಪಟ್ಟಿಗೆ ಸೇರಬೇಕು. ಬಿಳಿನೊಣದ ಜತೆ ಕಣಜಗಳೂ ಅದಕ್ಕೆ ಅಂಟುತ್ತವೆ. ಬಿಡುಗಡೆಯ ನಂತರ ಕೀಟ ಬಂದಿದೆಯೇ ಎಂದು ತಿಳಿಯಲು ಬೇಕಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ.

ಪ್ರಶ್ನೆ: ಕಾಂಡದೊಳಗೆ ಅಡಗಿರುವ ಹುಳ ಕಣಜಕ್ಕೆ ಹೇಗೆ ಗೊತ್ತಾಗುತ್ತದೆ?

ಗಿಡವೇ ಹೇಳುತ್ತದೆ. ಇದು ಅಲಂಕಾರದ ಮಾತಲ್ಲ. ಹುಳ ಕಚ್ಚಿದ ಗಾಯಕ್ಕೆ ಅದರ ಜೊಲ್ಲು ತಾಗಿದಾಗ ಗಿಡ ವಿಶೇಷ ವಾಸನೆಗಳನ್ನು ಹೊರಬಿಡುತ್ತದೆ. ಬರೀ ಕತ್ತರಿಯಿಂದ ಗಾಯ ಮಾಡಿದರೆ ಅದೇ ಮಿಶ್ರಣ ಅಷ್ಟು ಪ್ರಮಾಣದಲ್ಲಿ ಬರುವುದಿಲ್ಲ. ಮೆಕ್ಕೆಜೋಳದ ಸಸಿಗಳಲ್ಲಿ ಇದನ್ನು 1990ರಲ್ಲಿ ತೋರಿಸಿದರು, ಜೊಲ್ಲಿನಲ್ಲಿರುವ ವೊಲಿಸಿಟಿನ್ ಎಂಬ ವಸ್ತುವನ್ನು 1997ರಲ್ಲಿ ಗುರುತಿಸಿದರು. ಆ ವಾಸನೆ ಹಿಡಿದು ಗಿಡದ ಹತ್ತಿರ ಬಂದ ಕಣಜ, ಆಮೇಲೆ ಹುಳದ ಹಿಕ್ಕೆಯ ವಾಸನೆಯನ್ನು ಹುಡುಕುತ್ತದೆ. ಕೆಲವು ಜಾತಿಗಳು ಮೀಸೆಯಿಂದ ಕಾಂಡವನ್ನು ತಟ್ಟಿ ಕಂಪನದಿಂದ ಟೊಳ್ಳು ಎಲ್ಲಿ ಎಂದು ಅರಿಯುತ್ತವೆ. ಮರ ಕೊರೆಯುವ ಜಾತಿಗಳ ಸೂಜಿಯ ತುದಿಯಲ್ಲಿ ಸತು, ಮ್ಯಾಂಗನೀಸ್‌ನಂಥ ಲೋಹಗಳು ಸೇರಿರುವುದೂ ಕಂಡುಬಂದಿದೆ, ತುದಿ ಗಟ್ಟಿಯಾಗಲು.

ಪ್ರಶ್ನೆ: ಹೊರದೇಶದಿಂದ ಬಂದ ಕೀಟಕ್ಕೆ ಅದೇ ದೇಶದ ಕಣಜ ತಂದು ಬಿಟ್ಟರೆ ಸಾಕಲ್ಲವೇ? ಎಲ್ಲ ಕೀಟಕ್ಕೂ ಏಕೆ ಹಾಗೆ ಮಾಡುವುದಿಲ್ಲ?

ಸರಿಯಾಗಿ ನಡೆದಾಗ ಅದಕ್ಕಿಂತ ದೊಡ್ಡ ಉಪಕಾರ ಕೃಷಿಯಲ್ಲಿ ಕಡಿಮೆ. 1970ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಒಂದು ಹಿಟ್ಟು ತಿಗಣೆ ಆಫ್ರಿಕಾಕ್ಕೆ ಬಂದು ಮರಗೆಣಸನ್ನು ನೆಲಕಚ್ಚಿಸಿತು. ಕೋಟ್ಯಂತರ ಜನರ ದಿನದ ಊಟ ಆ ಗೆಣಸು. ಅದರ ಶತ್ರುವನ್ನು ಹುಡುಕುತ್ತ ಹೋದವರಿಗೆ 1981ರಲ್ಲಿ ಪರಾಗ್ವೆಯಲ್ಲಿ ಅನಗೈರಸ್ ಲೊಪೆಜಿ ಎಂಬ ಪುಟ್ಟ ಕಣಜ ಸಿಕ್ಕಿತು. ಬೇರೆಡೆ ತಪಾಸಣೆ ಮುಗಿಸಿ ನೈಜೀರಿಯಾದಲ್ಲಿ ಬಿಟ್ಟರು. ಅಲ್ಲಿಂದ ಮರಗೆಣಸು ಬೆಳೆಯುವ ನಾಡುಗಳ ಉದ್ದಕ್ಕೂ ಅದು ನೆಲೆಯೂರಿತು. ಕೆಲಸ ಮುನ್ನಡೆಸಿದ ಹಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಬಂತು. ಅದೇ ತಿಗಣೆ ಮುಂದೆ ಥಾಯ್ಲೆಂಡಿಗೆ ಹೋದಾಗ ಕಣಜವೂ ಆಫ್ರಿಕಾದಿಂದ ಅಲ್ಲಿಗೆ ಹೋಯಿತು.

ಅಲ್ಲಿ ಗೆದ್ದದ್ದಕ್ಕೆ ಕಾರಣ ಆ ಕಣಜ ಆ ಒಂದು ತಿಗಣೆಗೆ ಬಿಟ್ಟು ಬೇರೆಯದಕ್ಕೆ ಬಹುತೇಕ ಹೋಗದಿರುವುದು. ಕಂಡಕಂಡದ್ದನ್ನೆಲ್ಲ ಚುಚ್ಚುವ ಜಾತಿಯನ್ನು ತಂದರೆ ಪರಿಣಾಮ ಬೇರೆ. 1880ರ ದಶಕದಲ್ಲಿ ಕೋಸಿನ ಹುಳಕ್ಕೆಂದು ಯುರೋಪಿನಿಂದ ಉತ್ತರ ಅಮೆರಿಕಕ್ಕೆ ಒಯ್ದ ಕೊಟೇಸಿಯಾ ಗ್ಲೊಮೆರಾಟಾ ಅಲ್ಲಿನ ಒಂದು ಸ್ಥಳೀಯ ಬಿಳಿ ಚಿಟ್ಟೆಯನ್ನೂ ಹಿಡಿಯಿತು. ಆದ್ದರಿಂದಲೇ ಇಂದು ಹೊಸ ಜಾತಿಯನ್ನು ಮುಚ್ಚಿದ ಕೋಣೆಯಲ್ಲಿ ಸಾಕಿ, ಬೇರೆ ಯಾವ ಕೀಟಗಳನ್ನು ಮುಟ್ಟುತ್ತದೆ ಎಂದು ನೋಡಿದ ಮೇಲಷ್ಟೇ ಬಿಡಲು ಒಪ್ಪಿಗೆ ಸಿಗುತ್ತದೆ. ಈ ತಪಾಸಣೆಗೆ ವರ್ಷಗಳೇ ಹಿಡಿದರೂ ಅದು ಬೇಕೇ ಬೇಕು. ಬಿಟ್ಟ ಕಣಜವನ್ನು ಮರಳಿ ಹಿಡಿಯಲು ಯಾರಿಂದಲೂ ಆಗದು.

ಪ್ರಶ್ನೆ: ರೇಷ್ಮೆ ಹುಳಕ್ಕೆ ಬರುವ ಊಜಿಯೂ ಇಂಥದ್ದೇ ಅಲ್ಲವೇ? ಹಾಗಾದರೆ ಇವನ್ನು ಮಿತ್ರ ಎನ್ನುವುದು ಹೇಗೆ?

ಒಳ್ಳೆಯ ಪ್ರಶ್ನೆ. ಊಜಿ ಕಣಜವಲ್ಲ, ನೊಣ, ಆದರೆ ಬದುಕುವ ಕ್ರಮ ಇದೇ. ನಾವು ಸಾಕುವ ಹುಳವನ್ನು ತಿಂದರೆ ಶತ್ರು, ನಮ್ಮ ಬೆಳೆಯ ಹುಳವನ್ನು ತಿಂದರೆ ಮಿತ್ರ, ವ್ಯತ್ಯಾಸ ಅಷ್ಟೇ. ಊಜಿಯ ಕೋಶದೊಳಗೆ ಮೊಟ್ಟೆಯಿಡುವ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಸಾಕಣೆ ಮನೆಗಳಲ್ಲಿ ಊಜಿಯ ವಿರುದ್ಧ ಬಿಡುತ್ತಾರೆ.

ಪ್ರಶ್ನೆ: ಕಣಜ ಕೊಂಡು ತರುವ ಅನುಕೂಲವಿಲ್ಲ. ತೋಟದಲ್ಲಿರುವುದನ್ನೇ ಹೆಚ್ಚಿಸಬಹುದೇ?

ಹೆಚ್ಚಿಸಬಹುದು, ನಮ್ಮ ದೃಷ್ಟಿಯಲ್ಲಿ ಶುರು ಮಾಡಬೇಕಾದದ್ದೇ ಇಲ್ಲಿಂದ. ಇಕ್ನ್ಯೂಮಾನಿಡೀ ಎಂಬ ಒಂದೇ ಕುಟುಂಬದಲ್ಲಿ 25,000ದಷ್ಟು ಜಾತಿಗಳಿಗೆ ಈಗಾಗಲೇ ಹೆಸರಿಟ್ಟಿದ್ದಾರೆ. ಯಾವ ತೋಟವೂ ಕಣಜವಿಲ್ಲದ ತೋಟವಲ್ಲ.

ಬೆಳೆದ ಕಣಜಕ್ಕೆ ಬೇಕಾದದ್ದು ಸಿಹಿ. ಆಹಾರ ಸಿಗದಿದ್ದರೆ ಹಲವು ಜಾತಿಗಳು ಎರಡು ಮೂರು ದಿನಕ್ಕೇ ಸಾಯುತ್ತವೆ, ಸಿಕ್ಕರೆ ವಾರಗಟ್ಟಲೆ ಬದುಕಿ ಮೊಟ್ಟೆಯಿಡುತ್ತವೆ. ಅವುಗಳ ಬಾಯಿ ಬಹಳ ಚಿಕ್ಕದು, ಉದ್ದ ಕೊಳವೆಯ ಹೂವಿನ ಮಕರಂದ ಎಟುಕದು. ಕೊತ್ತಂಬರಿ, ಬಡೆಸೊಪ್ಪು, ಸಾಸಿವೆಯಂಥ ಬಿಚ್ಚು ಹೂವುಗಳು ಬೇಕು. ಕೊತ್ತಂಬರಿಯನ್ನು ಕೊಯ್ಯದೆ ಹೂ ಬಿಡಲು ಬಿಡಿ, ಮೂರು ವಾರಕ್ಕೊಮ್ಮೆ ಹೊಸ ಸಾಲು ಬಿತ್ತಿದರೆ ಹೂವಿನ ಸರಪಳಿ ಕಡಿಯುವುದಿಲ್ಲ. ಅಲಸಂದೆ ಮತ್ತು ಹರಳು ಗಿಡಗಳು ಹೂ ಬಿಡುವ ಮೊದಲೂ ತೊಟ್ಟಿನ ಬಳಿಯ ಗ್ರಂಥಿಗಳಿಂದ ಸಿಹಿ ಒಸರುತ್ತವೆ.

ಇನ್ನೊಂದು ಉಪಾಯ ಹಳೆಯದು, ಯಾವ ಉಪಕರಣವೂ ಬೇಡ. ಕೊರಕದ ಮೊಟ್ಟೆ ಗುಂಪಿರುವ ಎಲೆಗಳನ್ನು ಕಿತ್ತಾಗ ಸುಡಬೇಡಿ. ಅಗಲ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಸ್ವಲ್ಪ ಸಾಬೂನು ಕಲಸಿ, ನಡುವೆ ಇಟ್ಟಿಗೆಯ ಮೇಲೆ ಬಟ್ಟಲು ಇಟ್ಟು ಅದರಲ್ಲಿ ಎಲೆಗಳನ್ನು ಹರಡಿ. ಬಿಸಿಲು ಮಳೆ ತಾಗದಂತೆ ಮೇಲೊಂದು ಮರೆ ಇರಲಿ. ಮೊಟ್ಟೆಯೊಡೆದ ಹುಳಗಳು ತೆವಳಿ ನೀರಿಗೆ ಬಿದ್ದು ಸಾಯುತ್ತವೆ, ಕಣಜಗಳು ಹಾರಿ ಬೆಳೆಗೆ ಹೋಗುತ್ತವೆ. ನೂಲಿನ ಎಳೆ ಹಿಡಿದು ಗಾಳಿಯಲ್ಲಿ ತೇಲುವ ಎಳೆ ಹುಳಗಳಿರುವ ಜಾತಿಯಾದರೆ ತಟ್ಟೆಯನ್ನು ಬೆಳೆಯಿಂದ ಸ್ವಲ್ಪ ದೂರವಿಡಿ.

ಇರುವೆಯನ್ನು ಮರೆಯಬೇಡಿ. ಸಸ್ಯಹೇನು, ಹಿಟ್ಟು ತಿಗಣೆಗಳ ಸಿಹಿ ಅಂಟಿಗಾಗಿ ಇರುವೆ ಅವನ್ನು ಕಾಯುತ್ತದೆ, ಚುಚ್ಚಲು ಬಂದ ಕಣಜವನ್ನು ಓಡಿಸುತ್ತದೆ. ಮರವಾದರೆ ಕಾಂಡಕ್ಕೆ ಮೊಣಕಾಲೆತ್ತರದಲ್ಲಿ ಬಟ್ಟೆಯ ಪಟ್ಟಿ ಬಿಗಿದು, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಅಂಟು ಸವರಿ. ಅಂಟನ್ನು ತೊಗಟೆಗೆ ನೇರ ಹಚ್ಚಿದರೆ ತೊಗಟೆ ಸುಡುತ್ತದೆ. ನೆಲಕ್ಕೆ ತಾಗುವ ಕೊಂಬೆಗಳನ್ನೂ ಪಕ್ಕದ ಮರ, ಬೇಲಿಗೆ ತಗಲುವ ರೆಂಬೆಗಳನ್ನೂ ಕತ್ತರಿಸದಿದ್ದರೆ ಇರುವೆ ಅಲ್ಲಿಂದ ದಾಟುತ್ತದೆ. ಧೂಳು, ಸತ್ತ ಇರುವೆ ಕೂತು ಅಂಟು ಮುಚ್ಚಿಹೋಗುತ್ತದೆ, ಎರಡು ವಾರಕ್ಕೊಮ್ಮೆ ಹೊಸದಾಗಿ ಸವರಿ.